ದೊಡ್ಡತ್ತಿಯ ಡಬ್ಬಿ ಬೀಜ ಹೆಂಗ ಬದಲಾತು: ಒಂದು ಮೆಣಸಿನಕಾಯಿ ಹೊಲದ ಪ್ರಕರಣ ಅಧ್ಯಯನ

2025ರ ಜನವರಿ. ನಮ್ಮ ಮಾವಾರು, ಅಂದ್ರ ದೊಡ್ಡತ್ತಿಯ ಗಂಡ, ಕುಂದಗೋಳ ತಾಲೂಕಿನ ತಮ್ಮ ಹೊಲದಾಗ ಬೆಳೆದ ಡಬ್ಬಿ (ಬ್ಯಾಡಗಿಯ ಗಿಡ್ಡ, ದುಂಡನ್ನ ತಳಿ) ಮೆಣಸಿನಕಾಯಿ ಚೀಲ ಟೆಂಪೋದಾಗ ಹೇರ್ಕೊಂಡು ಬ್ಯಾಡಗಿಗೆ ಹೊಂಟಿದ್ರು, ಸೋಮವಾರದ ಮಾರ್ಕೆಟ್, ನನಗೂ ರಜಾ ಇತ್ತು ಅಂತ ಹುಬ್ಬಳ್ಳಿಯಿಂದ ಜೋಡಿ ಹೋಗಿದ್ದೆ. ದಲಾಲಿ ಅಂಗಡಿ ಮುಂದ ಚೀಲದ ಬಾಯಿ ಬಿಚ್ಚಿ ಇಟ್ರು. ಖರೀದಿ ಮಾಡಾವ ಬಂದು ಒಂದು ಹಿಡಿ ಎತ್ತಿದ, ಒಂದು ಕಾಯಿ ಮುರಿದು ಮೂಸಿ ನೋಡಿದ, ಮತ್ತೊಂದು ಹಿಡಿ ಎತ್ತಿ ವಾಪಸ್ ಚೀಲಕ್ಕ ಹಾಕಿ "ಯಜಮಾನ್ರ, ಮಾಲ್ ಮಿಕ್ಸ್ ಆಗೇತ್ರಿ" ಅಂತ ಹೇಳಿ ಮುಂದಿನ ಲಾಟಿಗೆ ಹೋದ. ಆ ದಿನ ಡಬ್ಬಿ ರೇಟ್ ಸಿಗಲಿಲ್ಲ. ಮಾವಾರು ದಾರಿ ಪೂರ್ತಿ ಮಾತಾಡಲಿಲ್ಲ, ಮನಿ ಮುಟ್ಟಿದ ಮ್ಯಾಲೆ ಒಂದ ಮಾತು ಅಂದ್ರು, "ನಾವು ಏನೂ ಮಿಕ್ಸ್ ಮಾಡಿಲ್ಲ".

ಅದು ಖರೇನ. ಬ್ಯಾರೆ ಕಡೆಯಿಂದ ಒಂದು ಕಾಯಿ ತಂದು ಸೇರಿಸಿರಲಿಲ್ಲ. ಬೀಜಾನೂ ಮನಿದ. ಹಂಗಾದ್ರ ಮಿಕ್ಸ್ ಆಗಿದ್ದು ಎಲ್ಲಿ? ನಾನು ಪಿಯು ಕಾಲೇಜಿನಾಗ ಬಯಾಲಜಿ ಕಲಸ್ತೀನಿ, ಈ ಪ್ರಶ್ನೆ ಬಿಟ್ಟು ಇರಾಕ ಆಗಲಿಲ್ಲ, ಒಂದು ವರ್ಷ ಆ ಹೊಲಕ್ಕ ಓಡಾಡಿ ನೋಡಿದ್ದು, ಎಣಿಸಿದ್ದು, ಕೇಳಿದ್ದು ಎಲ್ಲಾ ಇಲ್ಲೆ ಬರದೇನಿ.

ಮೊದಲ ಬೀಜದ ವಂಶಾವಳಿ. ನಮ್ಮ ಮೂಲ ಊರು ಅಣ್ಣಿಗೇರಿ ಕಡೆ. ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಡಬ್ಬಿ ಕಾಯಿ ಬೆಳೀತಿದ್ಲು. 1988ರಾಗ ಅಕಿ ದೊಡ್ಡ ಮಗಳು, ನಮ್ಮ ದೊಡ್ಡತ್ತಿ, ಮದುವಿಯಾಗಿ ಕುಂದಗೋಳ ಕಡೆ ಬಂದಾಗ ಉಡಿಯಾಗ ಒಂದು ಗಂಟು ಡಬ್ಬಿ ಕಾಯಿನೂ ಕಟ್ಟಿ ಕೊಟ್ಟಿದ್ಲಂತ, 1994ರಾಗ ಸಣ್ಣತ್ತಿ ಲಕ್ಷ್ಮೇಶ್ವರ ಕಡೆ ಹೋಗುವಾಗ ಅಕಿಗೂ ಅದೇ. ಆಯಿ ತೀರಿಕೊಂಡ ಮ್ಯಾಲೆ ನಮ್ಮ ಹೊಲ ಲಾವಣಿಗೆ ಹೋತು, ನಮ್ಮನ್ಯಾಗ ಆ ಬೀಜ ಉಳೀಲಿಲ್ಲ. ಅಂದ್ರ ಒಂದು ಮನಿತನದ ತಳಿ ಮೂರು ಕಡೆ ಇತ್ತು, ಒಂದು ಕಡೆ ಅಳಿದು ಹೋಗಿತ್ತು, ಎರಡು ಕಡೆ ಇತ್ತು. ಇದನ್ನ ನೆನಪಿಟ್ಕೊಳ್ರಿ, ಮುಂದ ಇದ ಕೈ ಹಿಡೀತು.

ಹೊರಗಿನವರಿಗೆ ಒಂದು ಮಾತು ಹೇಳ್ಬೇಕು. ಬ್ಯಾಡಗಿ ಮೆಣಸಿನಕಾಯಿ ಅಂದ್ರ ಒಂದ ತಳಿ ಅಲ್ಲ. ಕಡ್ಡಿ ಅಂದ್ರ ಉದ್ದ, ಸಣ್ಣನ್ನ, ಮೈ ಪೂರ್ತಿ ನೆರಿಗಿ, ಬೀಜ ಕಡಿಮಿ. ಡಬ್ಬಿ ಅಂದ್ರ ಗಿಡ್ಡ, ದುಂಡನ್ನ ಹೊಟ್ಟಿ, ನೆರಿಗಿ, ಬೀಜ ಜಾಸ್ತಿ, ವಾಸನಿ ಬ್ಯಾರೇನ. ಎರಡಕ್ಕೂ ಖಾರ ಕಡಿಮಿ, ಬಣ್ಣ ಭಾಳ, ಆ ಬಣ್ಣದ ಸಲುವಾಗಿನ ಓಲಿಯೋರೆಸಿನ್ (ಕಾಯಿಯಿಂದ ತೆಗೆಯೋ ಗಟ್ಟಿ ಸಾರ) ತೆಗೆಯೋ ಫ್ಯಾಕ್ಟರಿಯವ್ರು ತಗೋತಾರ, ಅದು ತಿನ್ನೋ ಪದಾರ್ಥಕ್ಕೂ ಹೋಗ್ತದ, ಲಿಪ್‌ಸ್ಟಿಕ್ಕಿಗೂ ಹೋಗ್ತದ. 2011ರಾಗ ಜಿಐ ಟ್ಯಾಗ್, ಅಂದ್ರ ಈ ಸೀಮಿಯ ಮಾಲ್ ಅನ್ನೋ ಸರ್ಕಾರಿ ಗುರುತು, ಸಿಕ್ಕೇತಿ. ಆದ್ರ ಟ್ಯಾಗ್ ಕಾಗದದ ಮ್ಯಾಲೆ ಇರ್ತದ, ತಳಿ ಇರೋದು ದೊಡ್ಡತ್ತಿಯಂಥವರ ಮನಿ ಜಂತಿಗೆ ಕಟ್ಟಿದ ಗಂಟಿನಾಗ.

ಅಕಿ ಬೀಜ ಮಾಡೋ ರೀತಿ ಹಿಂಗ. ಕಾಯಿ ಬಿಡಿಸಿ ಕಣದಾಗ ಒಣಗಿಸಿ ರಾಶಿ ಹಾಕ್ತಾರ. ಆ ರಾಶಿಯೊಳಗ ಕೂತು ಒಂದೊಂದ ಕಾಯಿ ಆರಿಸ್ತಾಳ, ದುಂಡಗ ಇರ್ಬೇಕು, ನೆರಿಗಿ ಆಳ ಇರ್ಬೇಕು, ಬಣ್ಣ ಕಪ್ಪಗೆಂಪು ಇರ್ಬೇಕು, ತೊಟ್ಟು ಗಟ್ಟಿ ಇರ್ಬೇಕು. ಬಟ್ಟಿಯಾಗ ಕಟ್ಟಿ ಜಂತಿಗೆ ತೂಗು ಹಾಕ್ತಾಳ. ರೋಹಿಣಿ ಮಳಿ ಹೊತ್ತಿಗೆ ಇಳಿಸಿ, ಬಡಿದು, ಬೀಜ ತೆಗೆದು ಸಸಿಮಡಿಗೆ ಹಾಕ್ತಾರ, ಅಗಿ ಬಂದ ಮ್ಯಾಲೆ ಉಳ್ಳಾಗಡ್ಡಿ ಜೋಡಿ ಹೊಲಕ್ಕ ಹಚ್ತಾರ, ಆಮ್ಯಾಲೆ ಅದರ ನಡುವ ಹತ್ತಿ. ಎರಿ ಹೊಲ, ಮಳಿ ನೀರ ಮ್ಯಾಲೆ ಬೆಳಿ. ಮೂವತ್ತಾರು ವರ್ಷ ಅಕಿ ಇದನ್ನ ಒಂದು ವರ್ಷ ತಪ್ಪಿಸಿಲ್ಲ.

ಮಾರ್ಕೆಟ್‌ನಿಂದ ಬಂದ ಮರುದಿನ ಹೊಲಕ್ಕ ಹೋದೆ. ಕಡೀ ಬಿಡಿಸೋದು ಇನ್ನೂ ಇತ್ತು, ಗಿಡದ ಮ್ಯಾಲೆ ಕಾಯಿ ಇದ್ವು. ಅತ್ತಿ ಮಗ ಮತ್ತ ನಾನು ಹತ್ತು ಸಾಲು ಹಿಡ್ಕೊಂಡು ಸಾಲಿಗೆ ಇಪ್ಪತ್ತರಂಗ ಇನ್ನೂರು ಗಿಡ ನೋಡಿದ್ವಿ, ಯಾವುದು ಡಬ್ಬಿ ಯಾವುದು ಅಲ್ಲ ಅಂತ ತೀರ್ಪು ಕೊಡೋದು ದೊಡ್ಡತ್ತಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗಿಡಕ್ಕ ಅಕಿ "ಹೂಂ" ಅಂದ್ಲು. ಉಳಿದವು? ಒಂದು ಗಿಡದಾಗ ಬೆರಳುದ್ದದ ನುಣುಪು ಕಾಯಿ, ಪಕ್ಕದ ಗಿಡದಾಗ ಡಬ್ಬಿ ಹೊಟ್ಟಿ ಆದ್ರ ನೆರಿಗಿನ ಇಲ್ಲ, ಅದರ ಪಕ್ಕ ನೆರಿಗಿ ಐತಿ ಆದ್ರ ಉದ್ದ, ಮತ್ತೊಂದು ನೋಡಾಕ ಪಕ್ಕಾ ಡಬ್ಬಿ, ಮುರಿದು ನಾಲಿಗಿಗೆ ಹಚ್ಚಿದ್ರ ಕಣ್ಣಾಗ ನೀರು. ಒಂದರಂಗ ಒಂದಿಲ್ಲ. ಅತ್ತಿ ಮಗ ಬ್ಯಾಸತ್ತು "ಅಣ್ಣಾ, ಇದು ಹೊಲಾನೋ ಸಂತಿನೋ" ಅಂದ.

ಊರಾಗ ಮೂರು ಮಾತು ಓಡಾಡ್ತಿದ್ವು. ಒಂದು, ಭೂಮಿ ಕೆಟ್ಟೇತಿ, ಗೊಬ್ಬರ ಎಣ್ಣಿ ಹೊಡದು ಹೊಡದು ಕಾಯಿ ಬದಲಾಗ್ಯಾವ ಅಂತ. ಭೂಮಿ ಸಲುವಾಗಿ ಆಗಿದ್ರ ಹೊಲದ ಒಂದು ಮೂಲಿ ಒಂದು ನಮೂನಿ ಇರ್ಬೇಕಿತ್ತು, ಇಲ್ಲೆ ಒಂದೂವರೆ ಎರಡು ಫೂಟ್ ಅಂತರದಾಗ ನಿಂತ ಎರಡು ಗಿಡ ಒಂದ ಮಣ್ಣು ಒಂದ ನೀರು ಕುಡದು ಬ್ಯಾರೆ ಬ್ಯಾರೆ ಕಾಯಿ ಬಿಟ್ಟಿದ್ವು, ಅದಕ್ಕ ಆ ಮಾತು ನಿಲ್ಲಂಗಿಲ್ಲ. ಎರಡನೇದು, ಬೀಜಕ್ಕ ಮುಪ್ಪು ಬಂದೇತಿ ಅಂತ. ಇಟ್ಟು ಇಟ್ಟು ಬೀಜ ಮೊಳಕಿ ಒಡೆಯೋದು ಕಡಿಮಿ ಆಗ್ತದ, ಖರೆ, ಆದ್ರ ಪ್ರತಿ ವರ್ಷ ಹೊಸಾದಾಗಿ ಹುಟ್ಟೋ ತಳಿಗೆ ಮುಪ್ಪು ಅಂತ ಇಲ್ಲ. ಮೂರನೇದು ಮಂದಿ ಭಾಳ ನಂಬೋದು, ಪಕ್ಕದ ಹೊಲದಾಗ ಖಾರದ ಕಾಯಿ ಹಚ್ಚಿದ್ರ ಗಾಳಿಗೆ ನಮ್ಮ ಕಾಯಿಗೂ ಖಾರ ಬರ್ತದ ಅಂತ. ಇದರಾಗ ಅರ್ಧ ಸತ್ಯ ಐತಿ, ಮತ್ತ ಆ ಅರ್ಧ ಸತ್ಯದೊಳಗನ ನಮ್ಮ ಉತ್ತರ ಕೂತಿತ್ತು.

ಮೆಣಸಿನ ಹೂವಿನಾಗ ಗಂಡು ಹೆಣ್ಣು ಎರಡೂ ಇರ್ತಾವ, ತನ್ನ ಪರಾಗ ತನಗ ಬಿದ್ರೂ ಕಾಯಿ ಕಟ್ತದ. ಹಿಂಗಾಗಿ ಮೆಣಸಿನಗಿಡ ತಾನಾಗೇ ಶುದ್ಧ ಇರ್ತದ ಅಂತ ಭಾಳ ಮಂದಿ ತಿಳಕೊಂಡಾರ. ಆದ್ರ ಜೇನು, ಸಣ್ಣ ಸಣ್ಣ ನೊಣ, ಇರುವಿ ಸೈತ ಒಂದು ಹೂವಿಂದು ಇನ್ನೊಂದಕ್ಕ ತಿರುಗ್ತಾವ, ಎಷ್ಟು ಪಾಲು ಬೀಜ ಹೊರಗಿನ ಪರಾಗದಿಂದ ಆಗ್ತಾವ ಅನ್ನೋದು ಜಾಗ ಜಾಗಕ್ಕ ಬದಲು, ಕೆಲವು ಕಡೆ ನೂರಕ್ಕ ಹತ್ತರ ಒಳಗ, ಕೆಲವು ಕಡೆ ಅರ್ಧಕ್ಕಿಂತ ಜಾಸ್ತಿ. ಅದಕ್ಕ ಸರ್ಕಾರದ ಬೀಜ ಪ್ರಮಾಣೀಕರಣದ ನಿಯಮದಾಗ ಮೆಣಸಿನಕಾಯಿ ಬೀಜದ ಪ್ಲಾಟಿಗೂ ಬ್ಯಾರೆ ತಳಿ ಹೊಲಕ್ಕೂ 200 ಮೀಟರ್ ಅಂತರ ಇರ್ಬೇಕು ಅಂತ ಐತಿ, ಫೌಂಡೇಶನ್ ಬೀಜ (ಮುಂದ ಬೀಜ ಹೆಚ್ಚಿಸಾಕ ಬಳಸೋ ಮೂಲ ಬೀಜ) ಆದ್ರ 400. ನಮ್ಮ ಎರಿ ಹೊಲದಾಗ ಎರಡು ಹೊಲದ ನಡುವ ಇರೋದು ಒಂದು ಬದು ಅಷ್ಟ.

ಇಲ್ಲೆ ಸ್ವಲ್ಪ ನಿಂತು ಓದ್ರಿ, ಇಡೀ ಪ್ರಕರಣದ ಗಂಟು ಇಲ್ಲೇ ಐತಿ. ದೊಡ್ಡತ್ತಿ ಗಿಡದ ಹೂವಿಗೆ ಪಕ್ಕದ ಹೊಲದ ಪರಾಗ ಬಿತ್ತು ಅಂತ ಇಟ್ಕೊಳ್ರಿ. ಕಟ್ಟೋ ಕಾಯಿ ಹೆಂಗ ಇರ್ತದ? ಪೂರ್ತಿ ಡಬ್ಬಿನ. ಯಾಕಂದ್ರ ಕಾಯಿ ಸಿಪ್ಪಿ, ನೆರಿಗಿ, ಬಣ್ಣ, ಬೀಜ ಅಂಟ್ಕೊಂಡಿರೋ ಬಿಳಿ ತಿರುಳು, ಇವೆಲ್ಲಾ ತಾಯಿ ಗಿಡದ ಮೈಯ ಭಾಗ. ಖಾರ ಕೊಡೋ ಕ್ಯಾಪ್ಸೈಸಿನ್ ತಯಾರಾಗೋದೂ ಆ ಬಿಳಿ ತಿರುಳಿನಾಗ, ಬೀಜದಾಗ ಅಲ್ಲ. ಹೊರಗಿನ ಅಪ್ಪನ ಪಾಲು ಹೋಗೋದು ಬೀಜದೊಳಗಿನ ಮರಿಗೆ ಮಾತ್ರ. ಅದಕ್ಕ ಆ ವರ್ಷ ಖಾರ ಬರಂಗಿಲ್ಲ, ಬಣ್ಣ ಬದಲಾಗಂಗಿಲ್ಲ, ಎಂಥಾ ಕಣ್ಣಿಗೂ ಗೊತ್ತಾಗಂಗಿಲ್ಲ. ಆ ಬೀಜ ಬಿತ್ತಿ, ಗಿಡ ಬೆಳದು, ಅದು ಕಾಯಿ ಬಿಟ್ಟಾಗ ಮುಂದಿನ ವರ್ಷ ಗೊತ್ತಾಗ್ತದ. ಅಂದ್ರ ದೊಡ್ಡತ್ತಿ ಆರಿಸ್ತಿದ್ದದ್ದು ತಾಯಿನ, ಬೀಜದ ಅಪ್ಪ ಯಾರು ಅಂತ ಆ ಕಾಯಿ ಹೇಳಂಗಿಲ್ಲ.

ಇದು ತಿಳಿದ ಮ್ಯಾಲೆ ಹಿಂದಿನ ವರ್ಷಗಳನ್ನ ಕೆದಕಿದ್ವಿ. ಮಾವಾರಿಗೆ ನೆನಪು ಪಕ್ಕಾ. 2022ರಾಗ ಪಡುವಲ ಬದುವಿನ ಆಚಿಯವ್ರು ಮೊದಲ ಸಲ ಗುಂಟೂರು ನಮೂನಿ ಉದ್ದನ್ನ ಖಾರದ ಕಾಯಿ ಹಚ್ಚಿದ್ರು. ಅದರಾಗ ಅವರದೇನೂ ತಪ್ಪಿಲ್ಲ, ಅವರ ಹೊಲ ಅವರಿಷ್ಟ. ಆ ವರ್ಷ ನಮ್ಮ ಕಾಯಿ ಚೊಲೋನ ಬಂದ್ವು, ಬೀಜಾನೂ ಆರಿಸಿದ್ರು, ಆದ್ರ ಆ ಬೀಜದಾಗ ಒಂದಿಷ್ಟು ಆಗಲೇ ಕೂಡಿದ ಬೀಜ. 2023ರಾಗ ಅವು ಗಿಡ ಆದ್ವು. ಗಿಡ ನೋಡಿದ್ರ ಆಗಲೇ ಗೊತ್ತಾಗ್ಬೇಕಿತ್ತಲ್ಲ, ಯಾಕ ಗೊತ್ತಾಗಲಿಲ್ಲ? ಯಾಕಂದ್ರ 2023 ಬರಗಾಲ. ಮಳಿ ಕೈ ಕೊಟ್ಟು ಹೊಲ ಬಿರುಕು ಬಿಟ್ಟಿತ್ತು, ಎಲ್ಲಾ ಗಿಡ ಮೊಳಕಾಲುದ್ದ, ಎಲ್ಲಾ ಕಾಯಿ ಸೊಟ್ಟ. ಅಸಲು ಡಬ್ಬಿನೂ ಡಬ್ಬಿಯಂಗ ಇರಲಿಲ್ಲ. ಜೀನ್ ಬ್ಯಾರೆ ಇದ್ರೂ ಬರ ಎಲ್ಲವನ್ನೂ ಒಂದ ನಮೂನಿ ಕಾಣೋ ಹಂಗ ಮಾಡಿತ್ತು.

ಇನ್ನೊಂದು ಆತು, ನನಗ ಇದ ಎಲ್ಲಾಕ್ಕಿಂತ ದೊಡ್ಡದು ಅನಸ್ತದ. ಎರಡು ದೂರದ ತಳಿ ಕೂಡಿ ಹುಟ್ಟಿದ ಮೊದಲ ತಲಿಯ (ತಲಿಮಾರಿನ) ಗಿಡಕ್ಕ ಸಾಮಾನ್ಯವಾಗಿ ಕಸುವು ಜಾಸ್ತಿ ಇರ್ತದ, ಹೈಬ್ರಿಡ್ ಕಸುವು ಅಂತಾರಲ್ಲ ಅದು. ಬರದಾಗ ಹೊಲದ ಮುಕ್ಕಾಲು ಗಿಡ ಒಣಗಿದ್ವು. ತಡಕೊಂಡು ನಿಂತು ನಾಲ್ಕು ಕಾಯಿ ಬಿಟ್ಟ ಗಿಡದಾಗ ಈ ಕೂಡಿದ ಗಿಡಗಳ ಪಾಲು ಜಾಸ್ತಿ ಇರ್ಬೇಕು. ರಾಶಿ ಅನ್ನೋದು ಆ ವರ್ಷ ಎರಡು ಪುಟ್ಟಿ ಅಷ್ಟ, ಅದರಾಗ ಜಾಸ್ತಿ ಕಾಯಿ ಬಿಟ್ಟ ಗಿಡದ ಕಾಯಿನ ಜಾಸ್ತಿ, ಕಣದಾಗ ಸುರುವಿದ ಮ್ಯಾಲೆ ಯಾವ ಕಾಯಿ ಯಾವ ಗಿಡದ್ದು ಅಂತ ಬ್ರಹ್ಮಗೂ ಗೊತ್ತಾಗಂಗಿಲ್ಲ. ದೊಡ್ಡತ್ತಿ "ಬರದಾಗೂ ಛಲೋ ಬಂದಾವು, ಗಟ್ಟಿ ಬೀಜ ಇರ್ತಾವು" ಅಂತ ದಪ್ಪ ಕಾಯಿ ನೋಡಿ ನೋಡಿ ಆರಿಸಿದ್ಲು. ಹಿಂದೆಲ್ಲಾ ನೂರಾರು ಗಿಡದ ಬೀಜ ಕೂಡ್ತಿತ್ತು, ಆ ವರ್ಷ ಲೆಕ್ಕ ಹಾಕಿದ್ರ ಐವತ್ತು ಗಿಡದ್ದೂ ಇರಲಿಕ್ಕಿಲ್ಲ. ಮೂರು ಸಂಗತಿ ಒಂದರ ಮ್ಯಾಲೊಂದು ಬಿದ್ವು, ಹೊರಗಿನ ಜೀನ್ ಒಳಗ ಬಂತು, ಬರ ಅದನ್ನ ಹೊಂದಿದ ಗಿಡಾನ ಉಳಿಸಿತು, ಸಂಖ್ಯೆ ಕಡಿಮಿಯಾಗಿ ಉಳಿದದ್ದರ ಪಾಲು ಒಮ್ಮಿಗೇ ಏರಿತು. ಪಾಠದ ಪುಸ್ತಕದಾಗ ಇವಕ್ಕ ಜೀನ್ ಹರಿವು, ನಿಸರ್ಗದ ಆಯ್ಕೆ, ಜೆನೆಟಿಕ್ ಡ್ರಿಫ್ಟ್ ಅಂತ ಬ್ಯಾರೆ ಬ್ಯಾರೆ ಅಧ್ಯಾಯ. ಕುಂದಗೋಳದ ಎರಡು ಎಕರೆದಾಗ ಮೂರೂ ಎರಡ ಸುಗ್ಗಿಯೊಳಗ ಆಗ್ಯಾವ.

2024ರಾಗ ಮಳಿ ಬಂತು, ಗಿಡ ಮೈ ತುಂಬಿದ್ವು, ಮುಚ್ಚಿಟ್ಟದ್ದು ಹೊರಗ ಬಂತು.

ಮಾವಾರಿಗೆ ಇದನ್ನ ತಿಳಿಸಾಕ ಮೆಂಡೆಲ್‌ನ ಬಟಾಣಿ ಬೇಕಾಗಲಿಲ್ಲ, ವರಲಕ್ಷ್ಮಿ ಸಾಕಾತು. ವರಲಕ್ಷ್ಮಿ ನಮ್ಮ ಧಾರವಾಡದಾಗ ಹುಟ್ಟಿದ ಹೈಬ್ರಿಡ್ ಹತ್ತಿ, ಡಾ. ಬಿ. ಎಚ್. ಕಟರಕಿ ಅವರು ಮಾಡಿದ್ದು, 1972ರಾಗ ಬಂತು, ಎರಡು ಬ್ಯಾರೆ ಬ್ಯಾರೆ ಪ್ರಭೇದದ ಹತ್ತಿ ಕೂಡಿಸಿ ಮಾಡಿದ ಮೊದಲ ವಾಣಿಜ್ಯ ಹೈಬ್ರಿಡ್. ಆ ಕಾಲಕ್ಕ ಮಾವಾರ ಅಪ್ಪ ಒಂದು ವರ್ಷ ವರಲಕ್ಷ್ಮಿ ಬೆಳೆದು, ಅದರ ಬೀಜಾನ ಮರುವರ್ಷ ಬಿತ್ತಿ ಕೈ ಸುಟ್ಕೊಂಡಿದ್ರಂತ, ಒಂದು ಗಿಡ ಎತ್ತರ ಒಂದು ಕುಳ್ಳ, ಒಂದರ ಎಳಿ ಉದ್ದ ಒಂದರದು ತುಂಡು. "ಅದ ಇದು ಮಾವ" ಅಂದೆ, "ನಮಗ ಗೊತ್ತಿಲ್ಲದಂಗ ಜೇನು ನಮ್ಮ ಹೊಲದಾಗ ಹೈಬ್ರಿಡ್ ಮಾಡೇತಿ, ನಾವು ಅದರ ಬೀಜ ಬಿತ್ತೇವಿ". ಅವರು ತಟ್ಟನ ಹಿಡಕೊಂಡ್ರು. ಮೊದಲ ತಲಿಯಾಗ ಎರಡೂ ಕಡೆ ಗುಣ ಸೇರಿ ಎಲ್ಲಾ ಹೆಚ್ಚೂಕಡಿಮಿ ಒಂದ ನಮೂನಿ ಕಾಣ್ತಾವ, ಎರಡನೇ ತಲಿಯಾಗ ಇಸ್ಪೀಟ್ ಎಲಿ ಕಲಸಿ ಹಂಚಿದಂಗ ಒಬ್ಬೊಬ್ಬರಿಗೆ ಒಂದೊಂದು ಕೈ ಬರ್ತದ. ಮೆಣಸಿನಗಿಡದ ಒಂದೊಂದು ಜೀವಕೋಶದಾಗ 12 ಜೋಡಿ ಕ್ರೋಮೋಸೋಮ್ ಅದಾವ. ಖಾರ ಇರ್ಬೇಕೋ ಬ್ಯಾಡೋ ಅನ್ನೋದಕ್ಕ ಪನ್1 ಅಂತ ಒಂದು ಮುಖ್ಯ ಜೀನ್ ಐತಿ, ಅದು ಪೂರ್ತಿ ಮುರಿದ್ರ ದೊಣ್ಣೆ ಮೆಣಸಿನಕಾಯಿಯಂಗ ಸಪ್ಪಗ, ಆದ್ರ ಎಷ್ಟು ಖಾರ, ಎಷ್ಟು ಬಣ್ಣ ಅನ್ನೋದು ಭಾಳ ಜೀನ್ ಸೇರಿ ಮಾಡೋ ಲೆಕ್ಕ, ಅದಕ್ಕ ಹೊಲದಾಗ ಎರಡ ನಮೂನಿ ಕಾಣದ ಹತ್ತಾರು ನಮೂನಿ ಕಂಡದ್ದು.

ದೊಡ್ಡತ್ತಿ ಇದನ್ನೆಲ್ಲಾ ಬಾಗಲ ಹೊಸ್ತಿಲ ಮ್ಯಾಲೆ ಕೂತು ಕೇಳಿದ್ಲು. ಆಮ್ಯಾಲೆ "ಹಂಗಾರ ನಂದ ತಪ್ಪಾತು ತಮ್ಮಾ, ಆ ವರ್ಷ ಆರಿಸಿದಾಕಿ ನಾನ ಅಲಾ" ಅಂದ್ಲು. ನನಗ ಗಂಟಲು ಕಟ್ಟಿ ಬಂತು. ಅಲ್ಲ ಅಂತ ಹೇಳಾಕ ನನ್ನ ಕಡೆ ಇದ್ದದ್ದು ಸಮಾಧಾನ ಅಲ್ಲ, ಖರೇ ಸಂಗತಿ. ಅಕಿ ಕೈ ಇಲ್ಲದಿದ್ರ ಡಬ್ಬಿ ಅನ್ನೋದ ಇರ್ತಿರಲಿಲ್ಲ. ಮೆಣಸಿನಕಾಯಿ ನಮ್ಮ ನಾಡಿಂದಲ್ಲ, ಮೆಕ್ಸಿಕೋ ಕಡೆ ಸಾವಿರಾರು ವರ್ಷದ ಹಿಂದ ಮಂದಿ ಪಳಗಿಸಿದ ಗಿಡ, ಪೋರ್ತುಗೀಸರ ಹಡಗಿನಾಗ ಹದಿನಾರನೇ ಶತಮಾನದಾಗ ನಮ್ಮ ಕರಾವಳಿಗೆ ಬಂದದ್ದು. ಅದಕ್ಕ ಮೊದಲ ನಮ್ಮ ಖಾರ ಅಂದ್ರ ಕರಿಮೆಣಸು, ಆ ಮೆಣಸಿನಂಗ ಖಾರ ಇರೋ ಕಾಯಿ ಅಂತನ ಇದಕ್ಕ ಮೆಣಸಿನಕಾಯಿ ಅಂತ ಹೆಸರು ಬಂತು. ಹಡಗಿನಾಗ ಬಂದ ಬೀಜ ಎಷ್ಟಿದ್ದಾವು, ಒಂದಿಷ್ಟು ಚೀಲ, ಅಂದ್ರ ಆ ನಾಡಿನ ಎಲ್ಲಾ ವೈವಿಧ್ಯದೊಳಗ ಒಂದು ಚೂರು. ಆ ಚೂರಿನಿಂದ ಐದುನೂರು ವರ್ಷದೊಳಗ ಗುಂಟೂರಿನವ್ರು ಉದ್ದ ಖಾರದ್ದು, ನಮ್ಮವ್ರು ಬಣ್ಣದ ಡಬ್ಬಿ ಕಡ್ಡಿ, ಒಂದೊಂದು ಸೀಮಿಯವ್ರು ಒಂದೊಂದು ಮಾಡ್ಕೊಂಡ್ರು. ಮಾಡಿದ್ದು ಯಾರು? ರಾಶಿ ಮುಂದ ಕೂತು ಇದು ಬೇಕು ಇದು ಬ್ಯಾಡ ಅಂತ ಆರಿಸಿದ ಕೈಗಳು.

ಆಗ ಅಕಿ ಒಂದು ಪ್ರಶ್ನೆ ಕೇಳಿದ್ಲು, ಇಪ್ಪತ್ತು ವರ್ಷದಾಗ ನನ್ನ ಹುಡುಗರು ಯಾರೂ ಕೇಳಿಲ್ಲ. "ಗಿಡಕ್ಕ ಖಾರ ಯಾಕ ಬೇಕಿತ್ತು? ನಾವು ತಿಂತೀವಿ ಅಂತ ಅಲ್ಲಲಾ?" ಅಲ್ಲ. ಕಾಡು ಮೆಣಸಿನಕಾಯಿ ಬಟಾಣಿಯಷ್ಟು ಸಣ್ಣದು, ಮುಗಿಲ ಕಡೆ ಮುಖ ಮಾಡಿ ನಿಲ್ತದ, ಹಣ್ಣಾದ್ರ ಹಗುರಕ ಕಿತ್ತು ಬರ್ತದ, ಹಕ್ಕಿಗೆ ಅಂತ ಇಟ್ಟಂಗ. ಇಲಿಯಂಥ ಪ್ರಾಣಿ ಬೀಜಾನ ಹಲ್ಲಿನಾಗ ಅರೀತಾವ, ಹಕ್ಕಿಗೆ ಹಲ್ಲಿಲ್ಲ, ಬೀಜ ಹಂಗ ಹೊರಗ ಬರ್ತದ, ಮತ್ತ ಹಕ್ಕಿಗೆ ಖಾರ ಹತ್ತಂಗಿಲ್ಲ, ಯಾಕಂದ್ರ ನಮ್ಮ ನರದಾಗ ಉರಿ ಹುಟ್ಟಿಸೋ ಕ್ಯಾಪ್ಸೈಸಿನ್ನು ಹಕ್ಕಿಯ ಅದೇ ನರದ ಪ್ರೋಟೀನಿಗೆ ತಾಗಂಗಿಲ್ಲ. ಅಮೆರಿಕದ ಅರಿಝೋನಾದಾಗ ಟ್ಯೂಕ್ಸ್‌ಬರಿ, ನಾಭಾನ್ ಅನ್ನೋ ಇಬ್ಬರು ಕಾಡು ಮೆಣಸಿನಗಿಡದ ಮುಂದ ಕಾದು ನೋಡಿ 2001ರಾಗ ಇದನ್ನ ಬರದು ತೋರಿಸ್ಯಾರ, ಹಕ್ಕಿ ತಿಂದ್ವು, ಇಲಿ ಮುಟ್ಟಲಿಲ್ಲ. ಬೊಲಿವಿಯಾದ ಕಾಡಿನಾಗ ಖಾರದ ಗಿಡದ ಕಾಯಿಗೆ ಬೂಸ್ಟು ಕಡಿಮಿ ಹತ್ತೋದನ್ನೂ ಕಂಡಾರ. ದೊಡ್ಡತ್ತಿ ನಕ್ಕು "ಅದಕ್ಕ ಗಿಳಿ ನಮ್ಮ ಹೊಲ ಬಿಡಂಗಿಲ್ಲ" ಅಂದ್ಲು. ಮನಷ್ಯಾ ಮಾಡಿದ್ದು ಇದಕ್ಕ ಉಲ್ಟಾ, ದೊಡ್ಡ ಕಾಯಿ, ನೆಲದ ಕಡೆ ಜೋತು ಬಿದ್ದು ಎಲಿ ಮರಿಗೆ ಅಡಗಿದ್ದು, ತೊಟ್ಟು ಗಟ್ಟಿ, ಎಳೆದ ಹೊರತು ಬರದಿದ್ದು. ಕಾಡಿನಾಗ ಇಂಥ ಗಿಡಕ್ಕ ಬದುಕಿಲ್ಲ, ನಮ್ಮ ಕೈ ಬಿಟ್ರ ಅದಕ್ಕ ಯಾರೂ ಇಲ್ಲ.

ಈಗ ಏನು ಮಾಡೋದು ಅನ್ನೋದು ಬಂತು. ಅತ್ತಿ ಮಗ ಕಂಪನಿ ಬೀಜ ತರೋಣ ಅಂದ. ಅವನ ಮಾತು ತಗದು ಹಾಕೋ ಹಂಗಿರಲಿಲ್ಲ, ಕಂಪನಿ ಹೈಬ್ರಿಡ್ ಇಳುವರಿ ಜಾಸ್ತಿ ಕೊಡ್ತದ, ಸಾಲ ಅವನ ತಲಿ ಮ್ಯಾಲೆ ಐತಿ. ಎರಡು ಎಕರೆದಾಗ ಒಂದೂವರೆ ಎಕರೆ ಅವನ ಲೆಕ್ಕ ಅಂತ ಬಿಟ್ವಿ. ಡಬ್ಬಿ ಹೊಳ್ಳಿ ತರೋ ಪ್ರಯತ್ನ ಆ ಹೊಲದಿಂದ ದೂರ, ಬ್ಯಾರೆ ಕಡೆ. ಆಗ ಸಣ್ಣತ್ತಿ ನೆನಪಾದ್ಲು. ಫೋನ್ ಮಾಡಿದ್ರ "ಆಯಿ ಬೀಜ ಐತಲ್ಲೋ, ಮನಿ ಖಾರಕ್ಕ ಅಂತ ಹಿತ್ತಲದಾಗ ವರ್ಷಾ ನಾಕು ಸಾಲು ಹಚ್ತೀನಿ" ಅಂದ್ಲು. ಅವರ ಹಿತ್ತಲ ಸುತ್ತ ಮಾವಿನ ಗಿಡ, ಆಮ್ಯಾಲೆ ಕಬ್ಬು, ಮೆಣಸಿನ ಹೊಲ ಹತ್ತಿರದಾಗ ಎಲ್ಲೂ ಇಲ್ಲ. ಯಾರೂ ಬೇಕಂತ ಮಾಡಿದ್ದಲ್ಲ, ಆದ್ರ ಒಂದು ತಳಿ ಎರಡು ಕಡೆ ಇದ್ದದ್ದಕ್ಕ ಒಂದು ಕಡೆ ಪೆಟ್ಟು ಬಿದ್ದಾಗ ಇನ್ನೊಂದು ಕಡೆ ಉಳೀತು. ಕಾಡಿನ ಪ್ರಾಣಿಗಳ ವಿಷಯದಾಗೂ ಇದ ಲೆಕ್ಕ, ಒಂದ ಗುಂಪು ಒಂದ ಜಾಗದಾಗ ಇದ್ರ ಒಂದ ರೋಗ ಒಂದ ಬೆಂಕಿ ಸಾಕು, ಚದುರಿದ ಗುಂಪುಗಳ ನಡುವ ಹೋಗಿಬಂದು ಇದ್ರ ಒಂದು ಇನ್ನೊಂದನ್ನ ಎತ್ತಿ ನಿಲ್ಲಸ್ತದ. ಕಪ್ಪತಗುಡ್ಡದ ಹುಲ್ಲುಗಾವಲಿನ ತ್ವಾಳಕ್ಕೂ ಡಬ್ಬಿ ಬೀಜಕ್ಕೂ ಈ ವಿಷಯದಾಗ ಫರಕ್ ಇಲ್ಲ.

2025ರ ಮುಂಗಾರಿಗೆ ಎರಡು ಪ್ಲಾಟ್ ಮಾಡಿದ್ವಿ, ಎರಡೂ ಗೋವಿನಜೋಳದ ಹೊಲದ ನಡುವ, ಬ್ಯಾರೆ ಮೆಣಸಿನ ಹೊಲದಿಂದ 200 ಮೀಟರಿಗಿಂತ ಆಚೆ. ಹೆಜ್ಜಿ ಹಾಕಿ ಅಳದು, ಆಮ್ಯಾಲೆ ಫೋನಿನ ಮ್ಯಾಪಿನಾಗ ನೋಡಿ ಖಾತ್ರಿ ಮಾಡ್ಕೊಂಡ್ವಿ. ಒಂದರಾಗ ಸಣ್ಣತ್ತಿ ಬೀಜ. ಇನ್ನೊಂದರಾಗ ದೊಡ್ಡತ್ತಿಯ ಹೊಲದಾಗಿನ "ಹೂಂ" ಅಂದ ಗಿಡಗಳ ಬೀಜ, ಗಿಡಕ್ಕೊಂದು ಕಾಗದದ ಪೊಟ್ಟಣ, ಪೊಟ್ಟಣಕ್ಕೊಂದು ನಂಬರ್, ಒಂದು ಸಾಲಿಗೆ ಒಂದ ತಾಯಿಯ ಮಕ್ಕಳು. ಇದರಿಂದ ತಾಯಿ ನೋಡಾಕ ಚೊಲೋ ಇದ್ದು ಮಕ್ಕಳು ಚದುರಿದ್ರ ಆ ಸಾಲು ಪೂರ್ತಿ ಬಿಡಬಹುದು. ಹೂ ಬಿಡೋ ಮೊದಲ ಹಳೆ ವಾಯಿಲ್ ಸೀರಿ ಹರಿದು ದೊಡ್ಡತ್ತಿ ಚೀಲ ಹೊಲದ್ಲು, ಒಂದೊಂದು ಗಿಡದ ಎರಡೆರಡು ಟೊಂಗಿಗೆ ಹಾಕಿ ಕಟ್ಟಿದ್ವಿ, ಗಾಳಿ ಆಡ್ತದ, ಜೇನು ಒಳಗ ಹೋಗಂಗಿಲ್ಲ, ಗಿಡ ತನ್ನ ಪರಾಗದಿಂದ ತಾನ ಕಾಯಿ ಕಟ್ತದ. ಕಾಯಿ ಕಟ್ಟಿದ ಮ್ಯಾಲೆ ಚೀಲ ಬಿಚ್ಚಿ ಆ ಟೊಂಗಿಗೆ ಕೆಂಪು ದಾರ. ಬೀಜ ಇಡೋದು ದಾರ ಇದ್ದ ಕಾಯಿದಷ್ಟ.

ಇಲ್ಲೆ ನನಗೂ ಅತ್ತಿ ಮಗನಿಗೂ ಜೋರಾಗಿ ವಾದ ಆತು. ಅವನ ಪ್ರಕಾರ ಎಲ್ಲಾಕ್ಕಿಂತ ಚಂದ ಇರೋ ಒಂದ ಗಿಡ ಹಿಡದು ಅದರ ಬೀಜಾನ ಹೆಚ್ಚಿಸಿದ್ರ ಮುಗೀತು, ಮಾಲ್ ಒಂದ ಸಮ ಬರ್ತದ, ಮಾರ್ಕೆಟ್‌ನಾಗ ಯಾರೂ ಮಿಕ್ಸ್ ಅನ್ನಂಗಿಲ್ಲ. ಬರೀ ರೇಟ್ ನೋಡಿದ್ರ ಅವನದ ಸರಿ. ನಾನು ಒಪ್ಪಲಿಲ್ಲ, ಈಗಲೂ ಒಪ್ಪಂಗಿಲ್ಲ. ಮನಿ ಬೀಜ ಅಂದ್ರ ಒಂದ ಗಿಡದ ನಕಲು ಅಲ್ಲ, ನೂರಾರು ಗಿಡದ ಗುಂಪು, ಹೊರಗ ಒಂದ ನಮೂನಿ ಕಂಡ್ರೂ ಒಳಗ ಸಣ್ಣ ಸಣ್ಣ ಫರಕ್ ಇರ್ತಾವ. ಒಂದಕ್ಕ ಬರ ತಡಿಯೋ ಬೇರು, ಒಂದಕ್ಕ ಬೇಗ ಹೂ ಬಿಡೋ ಗುಣ, ಒಂದಕ್ಕ ಮುಟುರು ರೋಗ ಕಡಿಮಿ. 2024ರಾಗ ಊರ ತುಂಬ ಮುಟುರು ರೋಗ ಬಂದು ಎಲಿ ದೋಣಿಯಂಗ ಮಡಚಿದಾಗ ನಮ್ಮ ಹೊಲದಾಗ ಕೆಲವು ಗಿಡ ಹಸರ ಇದ್ವು, ಅದರಾಗ ಡಬ್ಬಿ ಅಲ್ಲದವೂ ಇದ್ವು. ಒಂದು ಗಿಡ ತಪ್ಪಿಸಿಕೊಂಡದ್ದು ಬರೀ ಅದೃಷ್ಟ ಇರಬಹುದು, ನುಸಿ ಆ ಗಿಡಕ್ಕ ಹೋಗಿರ್ಲಿಕ್ಕಿಲ್ಲ. ಆದ್ರೂ ಅವುಗಳ ಬೀಜಾನ ಒಗೀಲಿಲ್ಲ, ಬ್ಯಾರೆ ಪೊಟ್ಟಣದಾಗ ಹಾಕಿ ನಂಬರ್ ಬರದು ಇಟ್ಟೇವಿ. ಎಲ್ಲಾ ಒಂದ ನಮೂನಿ ಇದ್ರ ರೋಗ ಬಂದ ದಿನ ಆರಿಸಾಕ ಏನೂ ಉಳಿಯಂಗಿಲ್ಲ, ಫರಕ್ ಇದ್ರ ಮಾತ್ರ ಆಯ್ಕೆ ಅನ್ನೋದು ಇರ್ತದ, ಇದನ್ನ ಹೇಳಿ ಹೇಳಿ ಕಡೀಗೆ ಅರವತ್ತು ಗಿಡಕ್ಕಿಂತ ಕಡಿಮಿ ಗಿಡದಿಂದ ಬೀಜ ತಗೋಬಾರ್ದು ಅಂತ ಒಪ್ಪಿಗಿ ಆತು. ಅವನು ಸುಮ್ಮನ ಒಪ್ಪಲಿಲ್ಲ, ಸಣ್ಣತ್ತಿ ಬಂದು ಅವನಿಗೆ "ನಿಮ್ಮ ಅಜ್ಜಿ ಒಂದ ಕಾಯಿ ಕೊಟ್ಟಿರಲಿಲ್ಲೋ, ಒಂದು ಗಂಟು ಕೊಟ್ಟಿದ್ಲು" ಅಂದ ಮ್ಯಾಲೆ ಒಪ್ಪಿದ.

2026ರ ಜನವರಿಯಾಗ ಕಾಯಿ ಬಿಡಿಸಿದ್ವಿ. ದೊಡ್ಡತ್ತಿ ಪ್ಲಾಟಿನಾಗ ಹೆಚ್ಚಿನ ಸಾಲು ಚದುರಿದ್ವು, ತಾಯಿ ಡಬ್ಬಿಯಂಗ ಇದ್ದದ್ದರ ಮಕ್ಕಳಾಗೂ ಉದ್ದ ಕಾಯಿ ಬಂದ್ವು, ಅಡಗಿ ಕೂತ ಜೀನ್ ಒಂದ ವರ್ಷದಾಗ ಹೋಗಂಗಿಲ್ಲ. ಪೂರ್ತಿ ಒಂದ ಸಮ ಬಂದದ್ದು ಕೆಲವೇ ಸಾಲು, ಅವನ್ನ ಇಟ್ಕೊಂಡೇವಿ. ಸಣ್ಣತ್ತಿ ಪ್ಲಾಟ್ ಮಾತ್ರ ನೋಡಿದ್ರ ಕಣ್ಣು ತುಂಬೋ ಹಂಗಿತ್ತು, ದುಂಡನ್ನ ಡಬ್ಬಿ, ಒಣಗಿದ ಮ್ಯಾಲೆ ಕಪ್ಪಗೆಂಪು. ಆದ್ರ ದೊಡ್ಡತ್ತಿ ಕೈಯಾಗ ಹಿಡದು ಭಾಳ ಹೊತ್ತು ನೋಡಿ "ಇದು ಆಯಿದು ಹೌದು, ನಂದು ಅಲ್ಲ" ಅಂದ್ಲು.

ಅಕಿ ಕಣ್ಣು ಸುಳ್ಳಲ್ಲ. ಜೋಡಿ ಇಟ್ಟು ನೋಡಿದ್ರ ಸಣ್ಣತ್ತಿ ಕಾಯಿ ಸಿಪ್ಪಿ ತೆಳು, ಹೊಟ್ಟಿ ಸ್ವಲ್ಪ ಕಡಿಮಿ, ನೆರಿಗಿ ಅಷ್ಟು ಆಳ ಇಲ್ಲ. ಸಣ್ಣತ್ತಿನ್ನ ಕೇಳಿದ್ರ ಅಕಿ ಆರಿಸೋದು ಬಣ್ಣ ನೆರಿಗಿ ನೋಡಿ ಅಲ್ಲ, ಬೇಗ ಒಣಗಿ ಒಳ್ಳಿನಾಗ ಬೇಗ ನುಗ್ಗಾಗೋ ಕಾಯಿ, ಯಾಕಂದ್ರ ಅಕಿದು ಮನಿ ಖಾರಕ್ಕ. ದೊಡ್ಡತ್ತಿ ಮಾವಾರ ಮಾರ್ಕೆಟ್ ಸಲುವಾಗಿ ಬಣ್ಣ ನೆರಿಗಿ ಹಿಡದಿದ್ಲು. ಒಂದ ಗಂಟಿನಿಂದ ಹೊಂಟ ಬೀಜ, ನಡುವ ಕೂಡಲಿಲ್ಲ, ಎರಡು ಕೈ ಎರಡು ಗುಣ ಆರಿಸಿದ್ವು, ಮೂವತ್ತು ಚಿಲ್ಲರೆ ತಲಿ ದಾಟ್ಯಾವ. ಮನಷ್ಯಾರ ಲೆಕ್ಕದಾಗ ಮೂವತ್ತು ತಲಿ ಅಂದ್ರ ಏಳೆಂಟು ನೂರು ವರ್ಷ, ಲಕ್ಕುಂಡಿ ಗುಡಿಗಳ ಕಾಲಕ್ಕಿಂತ ಸ್ವಲ್ಪ ಈಚೆ. ಇನ್ನೂ ಎರಡೂ ಒಂದ ಪ್ರಭೇದ, ಕೂಡಿದ್ರ ಬೀಜ ಕಟ್ತದ, ಆದ್ರ ಹಿಂಗ ದೂರ ಇದ್ದು ಬ್ಯಾರೆ ಬ್ಯಾರೆ ಒತ್ತಡದಾಗ ಸಾವಿರ, ಲಕ್ಷ ತಲಿ ಕಳೆದ್ರ ಕೂಡಿದ್ರೂ ಬೀಜ ಕಟ್ಟದ ಹಂತ ಬರಬಹುದು. ಪಳಗಿಸಿದ ಮೆಣಸಿನಗಿಡದಾಗ ಐದು ಪ್ರಭೇದ ಅದಾವ, ನಮ್ಮ ಡಬ್ಬಿ, ಗುಂಟೂರು, ದೊಣ್ಣೆ ಮೆಣಸಿನಕಾಯಿ ಎಲ್ಲಾ ಒಂದ ಪ್ರಭೇದದ ಒಳಗ, ಉಳಿದ ನಾಲ್ಕರಾಗ ಕೆಲವುದರ ಜೋಡಿ ಕೂಡಿಸೋದು ಭಾಳ ಕಷ್ಟ. ಆ ದಾರಿಯ ಮೊದಲ ಹೆಜ್ಜಿ ಎಂಥಾದು ಅಂತ ನಮ್ಮ ಅತ್ತ್ಯಾರಿಬ್ಬರ ಪುಟ್ಟಿಯೊಳಗ ಕೈ ಹಾಕಿ ಮುಟ್ಟಿ ನೋಡಿದೆ.

ಈಗ ಜಂತಿಗೆ ಮೂರು ಗಂಟು ಅದಾವ, ಒಂದಕ್ಕ ಬಿಳಿ ದಾರ, ಸಣ್ಣತ್ತಿದು, ಒಂದಕ್ಕ ಕೆಂಪು ದಾರ, ದೊಡ್ಡತ್ತಿಯ ಉಳಿದ ಸಾಲಿಂದು, ಮೂರನೇದು ಮುಟುರು ತಡದ ಗಿಡಗಳದು, ಅದಕ್ಕ ನಂಬರ್ ಚೀಟಿ. ಈ ರೋಹಿಣಿಗೆ ಕೆಂಪು ದಾರದ್ದರಾಗ ಅರ್ಧ ಲಕ್ಷ್ಮೇಶ್ವರಕ್ಕ ಹೋಗ್ತದ, ಸಣ್ಣತ್ತಿ ಹಿತ್ತಲ ಆಚಿ ಮೂಲಿಯಾಗ ಬ್ಯಾರೆ ಸಾಲು ಮಾಡಿ, ಹೂ ಬಿಡೋ ಮೊದಲ ಚೀಲ ಕಟ್ಟಿ ಹಚ್ತೀನಿ ಅಂದಾಳ. ದೊಡ್ಡತ್ತಿ ಆಗಲೇ ಇನ್ನೊಂದು ಸೀರಿ ಹರಿದು ಚೀಲ ಹೊಲಿಯಾಕ ಕೂತಾಳ.